ಗುಂಡಿಗೆ ಎಂಬತ್ತು ಪೈಸೆ

ಕೌಲ್ ಬಜಾರಿನ ಮೂರನೇ ಸಂದಿಯಲ್ಲಿ
ಹೊರಗೆ ಅದಿರಿನ ಕೆಂಪು ಧೂಳು,
ಒಳಗೆ ಡೆನಿಮ್ಮಿನ ನೀಲಿ ಜುಂಗು.
ಬಾಗಿಲ ಪಕ್ಕ ಕೂತವಳು ನಾನು,
ಮಧ್ಯಾಹ್ನದ ಹೊತ್ತಿಗೆ ಎಡಗೈ ಒಂದು ಬಣ್ಣ, ಬಲಗೈ ಇನ್ನೊಂದು.

ಒಂದು ಪ್ಯಾಂಟಿಗೆ ಒಂದು ಗುಂಡಿ.
ಒಂದು ಗುಂಡಿಗೆ ಎಂಬತ್ತು ಪೈಸೆ.
ಪೆಡಲ್ ತುಳಿದರೆ ಟಕ್.
ತುಳಿದಷ್ಟೂ ದುಡ್ಡು,
ಹಿಂದಿನ ಮಷಿನ್‌ಗಳಿಗೆ ಕರೆಂಟ್ ಹೋದರೆ ಅದೂ ಇಲ್ಲ.

ಎಂಬತ್ತು ಪೈಸೆಗೆ ಈ ಊರಲ್ಲಿ ಏನೂ ಸಿಗುವುದಿಲ್ಲ,
ಚಿಲ್ಲರೆ ಬದಲು ಕೊಡುವ ಚಾಕಲೇಟಿಗೂ ಒಂದು ರೂಪಾಯಿ.
ಅಂಥದರಲ್ಲಿ ಇಸ್ತ್ರಿ ಟೇಬಲ್ಲಿನ ಎರ್ರಿಸ್ವಾಮಿ
ಮೊಬೈಲ್ ಹಿಡಿದು ಬಂದ:
"ಮಾರೆಕ್ಕಾ, ನೋಡಿಲ್ಲಿ. ಕಂಪನಿ.
ಆಫೀಸು, ಡೈರೆಕ್ಟರು, ಬೋರ್ಡು, ಎಲ್ಲ ಐತಿ.
ಷೇರಿಗೆ ಎಂಬತ್ತೇ ಪೈಸೆ.
ನಿನ್ನ ಒಂದು ಗುಂಡಿಗೆ ಒಂದು.
ಗುಂಡಿಗೆ ಇರಬೇಕು, ಅಷ್ಟೆ."

ನಗಬೇಕಿತ್ತು. ನಗಲಿಲ್ಲ.
ಹದಿನೈದು ಸಾವಿರ ಗುಂಡಿ ಅಂದರೆ ಎಷ್ಟು ದಿನವೆಂದು
ನನ್ನ ಬಲಗಾಲಿನ ಮೀನಖಂಡಕ್ಕೆ ಗೊತ್ತು.
ಸಂಘದ ಪಾಸ್‌ಬುಕ್ಕಿನಿಂದ ಹನ್ನೆರಡು ಸಾವಿರ ತೆಗೆದೆ.
ಕಂಪನಿಯ ಹೆಸರಲ್ಲಿ ಸೂರ್ಯನಿದ್ದ, ನೀರೂ ಇತ್ತು.
"ಏನು ಮಾಡತೈತಿ ಇದು?" ಅಂದೆ.
ಎರ್ರಿಸ್ವಾಮಿ ಬಟ್ಟೆಗೆ ನೀರು ಚಿಮುಕಿಸಿ,
"ಏರತೈತಿ" ಅಂದ.

ಏರಿತು.
ದಿನಕ್ಕೆ ಐದು ಪರ್ಸೆಂಟು, ದಿನವೂ,
ಟೇಪು ಹಿಡಿದು ಕತ್ತರಿಸಿದ ಹಾಗೆ.
ಒಂಬತ್ತೂ ಕಾಲಿಗೆ ಅಪ್ಪರ್ ಸರ್ಕಿಟ್, ಬಾಗಿಲು ಬಂದ್.
ಮಾರುವವರೇ ಇಲ್ಲವೆಂದು ಎರ್ರಿಸ್ವಾಮಿಗೆ ಹೆಮ್ಮೆ.
ಇಪ್ಪತ್ತನೇ ದಿನ ಎರಡು ರೂಪಾಯಿ ಹನ್ನೆರಡು ಪೈಸೆ.
ಆ ರಾತ್ರಿ ಮಲಗಿದಲ್ಲೇ ನಾನು
ಬ್ರೂಸ್‌ಪೇಟೆಯಲ್ಲಿ ಎರಡು ಮಷಿನ್ ಇಟ್ಟೆ,
ಒಂದಕ್ಕೆ ಹುಡುಗಿಯೊಬ್ಬಳನ್ನು ಕೂರಿಸಿದೆ,
ಅವಳಿಗೆ ಗುಂಡಿಗೆ ಎಷ್ಟು ಕೊಡಬೇಕೆಂದು ಯೋಚಿಸಿ
ಎಪ್ಪತ್ತೈದು ಅಂದುಕೊಂಡೆ.
ಇದನ್ನು ಯಾರಿಗೂ ಹೇಳಿಲ್ಲ.

ಮರುದಿನ ಅದೇ ಐದು, ಕೆಳಕ್ಕೆ.
ಮೊಬೈಲಿನ ಗುಂಡಿ ಒತ್ತಿದೆ, ಕೆಂಪಗಿದ್ದದ್ದು.
ಮಾರು. ಮಾರು. ಮಾರು.
ನನ್ನದು ಒತ್ತಿದರೆ ಟಕ್ ಅನ್ನುತ್ತದೆ,
ಇದು ಅನ್ನಲಿಲ್ಲ.
ಕೊಳ್ಳುವವರು: ಸೊನ್ನೆ.
ಏಪ್ರಿಲ್ ಮಧ್ಯಾಹ್ನ ಕೋಟೆ ಗುಡ್ಡದ ಕೆಳಗಿನ ರಸ್ತೆ,
ಅಂಗಡಿ ತೆರೆದೇ ಇದೆ, ಬೀದಿಯಲ್ಲಿ ನಾಯಿಯೂ ಇಲ್ಲ.
ಎಂಬತ್ತಕ್ಕೆ ಬಂತು, ಮೂವತ್ತಕ್ಕೆ ಬಂತು,
ಇಪ್ಪತ್ತಾರರಲ್ಲಿ ವ್ಯವಹಾರವೇ ನಿಲ್ಲಿಸಿದರು.
"ಗುಂಡಿಗೆ ಬಿದ್ದದ್ದೆಷ್ಟು ಮಾರೆಕ್ಕಾ?"
ತಮಾಷೆ ಮಾಡಿದರು ಮಾಲೀಕ ಶೇಕ್ಷಾವಲಿ ಸಾಹೇಬರು.
ಅವರದೂ ಅದರಲ್ಲಿತ್ತೆಂದು ಆಮೇಲೆ ತಿಳಿಯಿತು.
ಎರ್ರಿಸ್ವಾಮಿಯದು ನನ್ನ ಮೂರರಷ್ಟು.
ಬೈಯಲು ಬಾಯಿ ಬರಲಿಲ್ಲ.
ಎರಡು ವಾರ ಎಲ್ಲ ಪ್ಯಾಂಟಿನ ಕ್ರೀಸೂ ಡೊಂಕು.

ಇನ್ನೊಂದು ಹೇಳದೆ ಉಳಿದಿದೆ.
ಜಿಪ್ಪು.
ಅದೇ ವರ್ಷ ಹೊಸ ಪೆಟ್ಟಿಗೆ ಬಂತು, ಹೆಸರೇ ಕೇಳದ ಕಂಪನಿಯದು.
ಎಷ್ಟು ಎಳೆದರೂ ಒಂದು ಹಲ್ಲೂ ಕಚ್ಚಿಕೊಳ್ಳದು,
ಬೆಣ್ಣೆಯಲ್ಲಿ ಬೆರಳು ಹೋದ ಹಾಗೆ.
ಪೆಟ್ಟಿಗೆಯ ಮೇಲಿನ ಹೆಸರು ಹುಡುಕಿದರೆ ಷೇರು ಮೂರು ರೂಪಾಯಿ.
ಬಟವಾಡೆಯಲ್ಲಿ ಮಿಕ್ಕ ದುಡ್ಡಿಗೆ ಮುನ್ನೂರು ಕೊಂಡು ಮರೆತೆ.
ಯಾರೂ ಹೇಳಿರಲಿಲ್ಲ, ಅದಕ್ಕೇ ಧೈರ್ಯ ಸಾಲಲಿಲ್ಲ.
ಕೈ ಹೇಳಿದ್ದಕ್ಕೆ ಒಂಬೈನೂರು,
ಬಾಯಿ ಹೇಳಿದ್ದಕ್ಕೆ ಹನ್ನೆರಡು ಸಾವಿರ.
ಈಗ ಅದು ಮೂವತ್ತೊಂದು.

ಈ ಸೋಮವಾರ ಬಂದ ಪೆಟ್ಟಿಗೆಯಲ್ಲಿ
ಅದೇ ಹೆಸರು, ಅದೇ ಮುದ್ರೆ,
ಜಿಪ್ಪು ಮಾತ್ರ ತುಸು ಹಗುರ.
ಹತ್ತರಲ್ಲಿ ಎರಡು ಮೂರನೇ ಹಲ್ಲಿಗೆ ಸಿಕ್ಕಿಕೊಳ್ಳುತ್ತವೆ.
ಪೇಪರಿನಲ್ಲಿ ಬಂದಿಲ್ಲ,
ಎರ್ರಿಸ್ವಾಮಿಗೂ ಗೊತ್ತಿಲ್ಲ.
ಪೆಡಲ್‌ನಿಂದ ಕಾಲು ತೆಗೆದು ಇನ್ನೊಂದನ್ನು ಎಳೆದು ನೋಡುತ್ತೇನೆ,
ಮೇಲೆ, ಕೆಳಗೆ, ಮೇಲೆ.
ತೊಡೆಯ ಮೇಲೆ ಮೊಬೈಲು
ಬೆಳಕು ಬಿಟ್ಟುಕೊಂಡು ಕಾಯುತ್ತಿದೆ.